ಹೆಸರೋಡುವಾಗ

ಭಾನುವಾರ ಹತ್ತೂವರೆ ಆಟಕ್ಕೆ ಇಂಗ್ಲಿಷ್ ಚಿತ್ರ.
ಗಾಂಧಿ ಕ್ಲಾಸಿನಲ್ಲಿ ಹನ್ನೆರಡು ಜನ, ಮಂಡಕ್ಕಿ ಜಗಿಯುವ ಸದ್ದು.
ರಾತ್ರಿ ಪಾಳಿ ಮುಗಿಸಿ ಮಿಲ್ಲಿನಿಂದ ನೇರ ಬಂದವರ
ತಲೆಗೂದಲಲ್ಲಿ ಅರಳೆ. ಅದು ಹಾರಿ, ಬೆಳಕಿನ ಕೋಲಿಗೆ ಸಿಕ್ಕಿ,
ಷಿಕಾಗೋದ ಬೀದಿಯ ಮೇಲೆ
ದಾವಣಗೆರೆಯ ಹತ್ತಿ ಉದುರುತ್ತಿತ್ತು.

ಮೇಲೆ ಕ್ಯಾಬಿನ್ನಿನಲ್ಲಿ ಬುಡೇನ್‌ಸಾಬ್,
ಕಾರ್ಬನ್ ಕಡ್ಡಿಗಳ ನಡುವಿನ ಸಂದು ತಿದ್ದುತ್ತ:
“ಲೇ ಚೌಡ್ಯಾ, ಹೆಸರು ಓಡ್ತಾವೆ, ಓದೋ.”
ನನಗೆ ಆಗ ಅಷ್ಟಿಷ್ಟು ಎಬಿಸಿಡಿ.
ನಾಯಕ, ನಾಯಕಿ, ಉಡುಪು ಹೊಲಿದವನು...
“ಅವರೆಲ್ಲ ಬ್ಯಾಡ. ದೀಪ ಹಚ್ಚಿದವನು ಯಾರು?”
ಎಲ್ಮರ್ ಹಾಸ್ಟ್, ಅಂದೆ.
“ಎಲಿಮರ,” ಅಂದ, ಪಕ್ಕದ ಓಣಿಯವನನ್ನು ಕರೆದಂತೆ.

ಮೊದಲ ಚಿತ್ರದಲ್ಲೊಂದು ಮೆಟ್ಟಿಲಸಾಲು, ಬರೀ ಕತ್ತಲೆ;
ಇಳಿದು ಬರುವವಳ ಕೈ ಮಾತ್ರ ಕಾಣುತ್ತದೆ.
ಮಾಲೀಕರು ರುದ್ರಮುನಿ ಶೆಟ್ಟರು ಕೆಳಗಿನಿಂದ ಕೂಗಿದರು:
“ಕಡ್ಡಿ ಉಳಿಸ್ತೀಯೇನೋ? ಪರದೆ ಕಪ್ಪಗಾಗೈತಿ!”
ಸಾಬ ಕಿಂಡಿಗೆ ಬಾಯಿಟ್ಟು ಹೇಳಿದ:
“ಕತ್ತಲೆ ಅವನದು ಯಜಮಾನ್ರೆ, ನನ್ನದಲ್ಲ.”

ಹೀಗೆ ಹನ್ನೊಂದು ವರ್ಷ, ಹದಿನಾಲ್ಕು ಚಿತ್ರ
(ನಮ್ಮೂರಿಗೆ ಬಂದದ್ದಿಷ್ಟು; ಆಚೆ ಎಷ್ಟಿದ್ದವೋ).
ಅಲ್ಲಿ ಹಳತಾದದ್ದು ಮೂರು ವರ್ಷ ತಡವಾಗಿ
ಗೀರುಬಿದ್ದು, ಹರಿದು, ರೈಲಿನಲ್ಲಿ ಬರುತ್ತಿತ್ತು.
ಒಂದರಲ್ಲಿ ಆ ಹೆಸರಿಗೇ ಪೂರ್ತಿ ಪರದೆ.
ಮುಂದೊಂದರಲ್ಲಿ ಇನ್ನಿಬ್ಬರ ಜೊತೆ ಪಾಲು.
ಆಮೇಲೆ ಬಣ್ಣ ಬಂತು, ಅಗಲ ಪರದೆ ಬಂತು,
ಕುದುರೆ, ಮರಳು, ಎಲ್ಲೆಲ್ಲೂ ಮಧ್ಯಾಹ್ನ.
ಹೆಸರು ಅವನದೇ.
“ಎಲ್ಲಿ ಹೋದ್ನೋ ಇವನು,” ಸಾಬ ಕುರ್ಚಿ ಹಿಂದಕ್ಕೆಳೆದ.

ಏಳನೇ ರೀಲು. ಡೇರೆಯೊಳಗೊಬ್ಬ ಮುದುಕ ಬೂಟು ಬಿಚ್ಚುತ್ತಾನೆ,
ಕತೆಗೆ ಬೇಡಾದದ್ದು, ಐದಾರು ಸೆಕೆಂಡು.
ಲಾಂದ್ರ ಅವನ ಹಿಂದೆ, ಅರ್ಧ ಮುಖ ಇಲ್ಲ.
“ಅಗೋ,” ಅಂದ, “ಇನ್ನೂ ಅದಾನೆ.”

ಆಮೇಲೆ ಆ ಹೆಸರು ನಮ್ಮ ಟಾಕೀಸಿಗೆ ಬರಲಿಲ್ಲ.
ಸತ್ತನೋ, ಕಣ್ಣು ಹೋಯಿತೋ, ಕೆಲಸ ಸಿಗಲಿಲ್ಲವೋ,
ಮಂಡಿಪೇಟೆಯಲ್ಲಿ ಯಾರನ್ನು ಕೇಳುವುದು?

ಆ ರೀಲು ತುಂಡಾಗಿ, ಅಂಟಿಸುವಾಗ ಉಳಿದ ಮೂರು ಚೌಕ
ಸಾಬನ ನಶ್ಯದ ಡಬ್ಬಿಯಲ್ಲಿದ್ದವು. ಈಗ ನನ್ನಲ್ಲಿವೆ.
ಬಣ್ಣವೆಲ್ಲ ಕೆಂಪಿಗೆ ತಿರುಗಿದೆ. ಕಿಟಕಿಗೆ ಹಿಡಿದರೆ
ಮುದುಕ, ಲಾಂದ್ರ, ಬಾಗಿದ ಬೆನ್ನು,
ಅಂಚಿನಲ್ಲಿ ಯಾರದೋ ಹೆಬ್ಬೆರಳ ಗುರುತು.
ಮೂರರಲ್ಲೂ ಬೂಟು ಇನ್ನೂ ಕಾಲಲ್ಲೇ ಇದೆ.