ಸವೆಯದ ಮಗ್ಗುಲು

ಬ್ಲ್ಯಾಗ್ಡನ್ ಮುದುಕಿಯ ಮಗಳು ಗಂಟು ತಂದಿಟ್ಟಳು:
ಅವ್ವನ ಹಾಸಿಗೆಯ ಚಾದರ, ಒಟ್ಟು ಏಳು.
"ಗಟ್ಟಿ ಇದ್ದಲ್ಲಷ್ಟೇ ಕತ್ತರಿಸು, ಹೆಟ್ಟಿ.
ಕೌದಿ ನನ್ನ ಮೊಮ್ಮಗಳಿಗೆ."

ಕಿಟಕಿಗೆ ಹಿಡಿದೆ.
ಹೊರಗೆ ನ್ಯೂಫೌಂಡ್‌ಲ್ಯಾಂಡಿನ ಮಂಜು, ಬಂದರಿನ ಗಂಟೆ.
ಎಡಗಡೆ ಬರೀ ಜರಡಿ. ಸೊಂಟ ಒತ್ತಿದಲ್ಲಿ,
ಹಿಮ್ಮಡಿ ಉಜ್ಜಿದಲ್ಲಿ
ಬೆಳಕು ನೇರ ನನ್ನ ಕಣ್ಣಿಗೆ.
ಬಲಗಡೆ ಮಾತ್ರ ಹಳದಿ ಗುಲಾಬಿ
ನಿನ್ನೆ ಅಂಗಡಿಯಿಂದ ಬಂದ ಹಾಗೆ,
ಗಂಜಿಯ ಬಿಗುವು ಇನ್ನೂ ಬಿಟ್ಟಿಲ್ಲ.

ಏಳನ್ನೂ ಹರವಿದೆ. ಏಳರಲ್ಲೂ ಹಾಗೇ.

ಸೈಲಸ್ ಕಾಡ್ ಮೀನಿಗೆಂದು ಹೋದ ವರ್ಷ
ನನಗೆ ಒಂಬತ್ತು. ಹುಡುಕಲು ಹೋದವರು
ಒಂದು ಕೈಗವಸು ತಂದರು.
ಆಮೇಲೂ ಆಕೆ ಹಾಸಿಗೆಯ ನಡುವಿಗೆ ಸರಿಯಲಿಲ್ಲ ಅಂತ
ಊರಲ್ಲಿ ಯಾರಿಗೆ ಗೊತ್ತಿತ್ತು,
ವಾರಕ್ಕೊಮ್ಮೆ ಹಗ್ಗದ ಮೇಲೆ
ಎಲ್ಲರ ಕಣ್ಣೆದುರೇ ಒಣಗುತ್ತಿದ್ದರೂ?

ಗಟ್ಟಿ ಬಟ್ಟೆಯೆಲ್ಲ ಅವನ ಪಾಲಿನದು.
ಕತ್ತರಿಸಿದೆ, ಎಪ್ಪತ್ತೊಂದು ಚೌಕ.
ಎಪ್ಪತ್ತೆರಡನೆಯದಕ್ಕೆ, ಹೇಳಿದ ಮಾತು ಮೀರಿ,
ಜರಡಿಯದೊಂದು ತುಂಡಿಗೆ ಅಸ್ತರು ಕೊಟ್ಟು
ಒತ್ತೊತ್ತಾಗಿ ಹೊಲಿದೆ, ನಡುವಿಗಲ್ಲ,
ಎಡ ಅಂಚಿಗೆ.

ಕೇಳಿದರೆ
ಬಟ್ಟೆ ಸಾಲಲಿಲ್ಲ ಅನ್ನುತ್ತೇನೆ.