ಇನಾಸನ ಪಿಶಾಚಿ

ಕೋಡಿಬಾಗದಲ್ಲಿ, ಐಸ್ ಫ್ಯಾಕ್ಟರಿಯ ಹಿಂದೆ
ಇನಾಸ್ ಬಾಬನ ವಿಡಿಯೋ ಪಾರ್ಲರು.
ತಗಡಿನ ಮಾಡು, ನಾಲ್ಕು ಬೆಂಚು, ಒಂದು ಟೀವಿ,
ಟೀವಿಯ ಮೇಲೆ ಮೇರಿಮಾತೆ, ಮಾತೆಯ ಮೇಲೆ ಹಲ್ಲಿ.
ಎರಡು ರೂಪಾಯಿ ಕೊಟ್ಟು ಹೆದರಲಿಕ್ಕೆ ಹೋದವಳು ನಾನು,
ಹನ್ನೊಂದು ವರ್ಷ,
ಫ್ರಾಕಿನ ಜೇಬಿನಲ್ಲಿ ಆಯಿಯ ಡಬ್ಬಿಯಿಂದ ಕದ್ದ ಬೆಳ್ಳುಳ್ಳಿ.

ಮಂಜು. ಗೂಬೆ. ಗುಡ್ಡದ ನೆತ್ತಿಗೆ ಮುರುಕು ಕೋಟೆ.
ಕಪ್ಪು ನಿಲುವಂಗಿಯ ದೊರೆ ಶವಪೆಟ್ಟಿಗೆಯಿಂದ ಏಳಬೇಕು,
ಮುಚ್ಚಳ ತೆರೆಯಲಿಲ್ಲ.
ಒಳಗಿಂದ ಬಡಿದ, ಕೂಗಿದ. ಗೂನುಬೆನ್ನಿನ ಆಳು ಕಿವುಡ.
ಅಂತೂ ಎದ್ದು ಬಂದವನು ತನ್ನದೇ ಅಂಗಿ ತುಳಿದು
ಮೆಟ್ಟಿಲು ಮೆಟ್ಟಿಲು ಉರುಳಿ
ಬಾವಲಿಯಾಗಿ ಹಾರಿದ. ಬಾವಲಿಯ ಬೆನ್ನಿಗೆ ದಾರ,
ಬಾವಿಗೆ ಕೊಡ ಇಳಿಬಿಟ್ಟ ಹಗ್ಗದಷ್ಟು ಸ್ಪಷ್ಟ!

ದುಡ್ಡು ವಾಪಸ್ ಕೊಡು ಅಂದೆ.
‘ಹೆದರಿಕೆ ಮನೆಯಲ್ಲೇ ಸಿಗ್ತದಲ್ಲ ಬಾಯ್,
ಅದಕ್ಕೆಂತಕ್ಕೆ ಎರಡು ರೂಪಾಯಿ?’

ಚಿತ್ರದ ಮಾತು ಯಾವ ದೇಶದ್ದೋ, ಯಾರಿಗೂ ತಿಳಿಯದು.
ಇನಾಸನೇ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು
ಎಲ್ಲರ ಬಾಯಿಗೂ ಕೊಂಕಣಿ ತುರುಕುತ್ತಿದ್ದ.
ದೊರೆ ಕಿಟಕಿಗೆ ಮುಖವೊತ್ತಿ ಕೋರೆಹಲ್ಲು ತೋರಿಸಿದರೆ
ಮೂರು ದಿನದಿಂದ ಬರೀ ಪೇಜು ತಂಗಿ, ಬಂಗಡೆ ಉಂಟೋ?
ಬೆಂಚು ಕಿರುಗುಡುವಷ್ಟು ನಗು.
ನಾನೊಬ್ಬಳು ಬೆಳ್ಳುಳ್ಳಿ ಹಿಚುಕುತ್ತ ಕೂತಿದ್ದೆ.

ಎರಡನೇ ಸಲ ಧಾರವಾಡದ ಹಾಸ್ಟೆಲಿನಲ್ಲಿ.
ಆಗ ನನಗೆ ಎಲ್ಲ ಗೊತ್ತಿತ್ತು.
ದಾರ ಕಂಡದ್ದು ನಾಲ್ಕು ಸಲ,
ಕನ್ನಡಿಯಲ್ಲಿ ಕಾಣಬಾರದವನ ಮೊಣಕೈ ಒಂದು ಸಲ,
ಕೋಟೆಯ ಕಲ್ಲುಗೋಡೆ ಆಳಿನ ಸೀನಿಗೆ ಅಲುಗಿದ್ದು.
ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ,
ಯಾರೋ ಪರೀಕ್ಷೆಗೆ ಕೇಳುವವರ ಹಾಗೆ.

ಈಗ ನನ್ನ ಕೆಲಸವೇ ರಕ್ತ.
ಕಾರವಾರದ ಆಸ್ಪತ್ರೆ, ರಾತ್ರಿಪಾಳಿ, ಫ್ರಿಜ್ಜಿನ ಗುಂಯ್.
ಚೀಟಿ ಅಂಟಿಸಿಕೊಂಡು ಸಾಲಾಗಿ ಮಲಗಿದ ಚೀಲಗಳು.
ಎರಡೂವರೆಗೆ ಮೊಬೈಲಿನಲ್ಲಿ ಸಿಕ್ಕಿತು ಅದೇ ಚಿತ್ರ,
ಕೆಳಗೆ ಇಂಗ್ಲಿಷಿನ ಸಾಲು.
ಬಂಗಡೆಯ ಸುದ್ದಿಯೇ ಇಲ್ಲ ಅಲ್ಲಿ.
ನಿನ್ನ ಕೊರಳು ಬೆಳದಿಂಗಳು ಅಂತೇನೋ ಅನ್ನುತ್ತಾನೆ.
ಇನಾಸನದೇ ಚೆನ್ನಾಗಿತ್ತು.

ಆಮೇಲೆ ಆ ಬಾಗಿಲು ಬಂತು.
ಮುದುಕಿಯೊಬ್ಬಳ ಮನೆ, ಕದ ಹಾರುಹೊಡೆದಿದೆ,
ಹಸಿವಿಗೆ ಇವನ ಕೆನ್ನೆ ಒಳಗೆ ಹೋಗಿದೆ,
ನಾನೂರು ವರ್ಷದ ದೊರೆ, ಟೋಪಿ ತೆಗೆದು
ಹೊಸ್ತಿಲಾಚೆ ನಿಂತಿದ್ದಾನೆ. ಕರೆಯದೆ ಒಳಗೆ ಕಾಲಿಡುವಂತಿಲ್ಲ.
ಅವಳು ಕನ್ನಡಕ ಹುಡುಕಲಿಕ್ಕೆ ಹೋದವಳು ಮರೆತೇಬಿಟ್ಟಳು.
ಅವಳ ಬೆಕ್ಕನ್ನು ಎತ್ತಿಕೊಂಡು ನಿಂತೇ ಇದ್ದಾನೆ.
ಮೂಡಣ ಬೆಳ್ಳಗಾಗುತ್ತಿದೆ.

ಭಿತರ್ ಯೆಂವ್?
ನೆನಪಾಯಿತು. ಈ ಒಂದು ಜಾಗದಲ್ಲಿ
ಇನಾಸ್ ತಮಾಷೆ ಮಾಡುತ್ತಿರಲಿಲ್ಲ. ದನಿ ತಗ್ಗಿಸಿ
ಒಳಗೆ ಬರಲೋ ಅಂತ, ಅಷ್ಟೇ ಕೇಳುತ್ತಿದ್ದ,
ನಮ್ಮ ಕಡೆ ತಿರುಗಿ.

ಹೆದ್ದಾರಿ ಅಗಲ ಮಾಡಿದವರು ಕೇಳಲಿಲ್ಲ.
ಪಾರ್ಲರಿನ ಬಾಗಿಲಿಗೆ ಕೆಂಪು ಬಣ್ಣದ ನಂಬರು ಬಳಿದು ಹೋದರು.
ಅಪ್ಪನೂ ಕೇಳಿದವನಲ್ಲ,
ರಾತ್ರಿ ಬಂದರೆ ಬಾಗಿಲಿಗೆ ಮೊದಲು ಕಾಲು.

ದಾರವನ್ನೂ ನೋಡಿದೆ, ಈ ಸಲ ಅದರ ಮೇಲ್ತುದಿಯ ಕಡೆಗೆ.
ಚೌಕಟ್ಟಿನಾಚೆ ಏಣಿ ಹತ್ತಿ
ಯಾರೋ ಹಿಡಿದು ನಿಂತಿದ್ದಾರೆ, ತೋಳು ಸೋತಿದೆ.
ಬಾವಲಿ ಅಷ್ಟು ನಡುಗುವುದು ಅದಕ್ಕೇ.
ಜೋರಾಗಿ ನಕ್ಕೆ. ಒಳಗೆ ಮಲಗಿದ್ದ ಶೆವಂತಿ ತಾಂಡೇಲ
‘ಎಂತ ಆಯ್ತಕ್ಕಾ?’ ಅಂತ ಎದ್ದು ಬಂದಳು.
ಬಂಗಡೆ, ಅಂದೆ. ತಲೆ ಕೆರೆದುಕೊಂಡು ಹೋದಳು.

ಐದಕ್ಕೆ ಬೈತಖೋಲದ ಒಬ್ಬ ಹುಡುಗ,
ಅಕ್ಕನ ಹೆರಿಗೆಗೆ ರಕ್ತ ಕೊಡಲು ಬಂದವನು,
ಮೈತುಂಬ ಬೋಟಿನ ಡೀಸೆಲ್ ವಾಸನೆ,
ತೋಳು ಚಾಚಿ ಗೋಡೆಗೆ ಮುಖ ತಿರುಗಿಸಿದ.
ಪಟ್ಟಿ ಕಟ್ಟಿ, ಸೂಜಿ ಹಿಡಿದು,
‘ಸ್ವಲ್ಪ ನೋಯ್ತದೆ, ಚುಚ್ಚಲಾ?’ ಅಂದೆ.
ಅವನು ಹೂಂ ಅನ್ನುವವರೆಗೆ ಕಾದೆ.

ಮೇಜಿನ ಮೇಲೆ ಮೊಬೈಲು ತಾನಾಗಿ ಮೊದಲಿಗೆ ಮರಳಿ,
ದನಿಯಿಲ್ಲದೆ, ಪೆಟ್ಟಿಗೆಯೊಳಗಿಂದ
ದೊರೆ ಮತ್ತೆ ಮುಚ್ಚಳ ಬಡಿಯುತ್ತಿದ್ದ.