ಹುಟ್ಟಾ ತುಕ್ಕು

ಪುಣೆ ಕ್ಯಾಂಪಿನ ಹಿಂದಿನ ಓಣಿ, ರಾತ್ರಿ ಎರಡೂವರೆ.
ಖುದಾದಾದ್ ಚಾಚಾನ ಭಟ್ಟಿ
ಮೊದಲ ಒಬ್ಬೆ ಪಾವು ಉಗುಳಿ ಬಾಯಿ ತೆರೆದಿದೆ.
ಚಿಮಣಿಯಲ್ಲಿ ಒಂದು ಇಟ್ಟಿಗೆ ಕಿತ್ತ ಕಡೆ
ನಾನೂ ಮೃಣ್ಮಯಿಯೂ ಕಪ್ಪು ಬಿಲ್ಲೆಗಳ ಪಟ್ಟಿ ಕೂರಿಸುತ್ತಿದ್ದೇವೆ:
ಇಪ್ಪತ್ತನಾಲ್ಕು ಜೋಡಿ,
ಒಂದೊಂದೂ ಶಂಕರಪೋಳಿಯಷ್ಟು.
ಕೆಳಗೆ, ಬೆಚ್ಚನೆ ಗೋಡೆಗೆ ಬೆನ್ನು ಕೊಟ್ಟು
ಒಂದು ಕುಂಟು ನಾಯಿ.

"ಕರಗಿ ಹೋಗಲ್ವಾ?" ಅಂದ ಚಾಚಾ.
ಇಲ್ಲ. ಬರೀ ಲೋಹವಾದರೆ ಈ ಬೆಂಕಿ ತಿಂದುಬಿಡುತ್ತೆ.
ಇವು ಹುಟ್ಟಾ ತುಕ್ಕು:
ಸುಣ್ಣ, ಕೋಬಾಲ್ಟು, ಮ್ಯಾಂಗನೀಸು,
ಗಾಳಿ ಕುಡಿದು ಆಗಲೇ ಸುಟ್ಟುಕೊಂಡವು.
ಬೂದಿಗೆ ಬೆಂಕಿಯ ಭಯವೇನು?

ನಾಲ್ಕು ವರ್ಷ ಪಾಷಾಣ್‌ನ ಲ್ಯಾಬಿನಲ್ಲಿ, ಊರಿನ ಹೆಸರಿಗೆ ತಕ್ಕಂತೆ,
ಕಲ್ಲು ಬೇಯಿಸಿದ್ದೇವೆ.
ಅರೆ, ಒತ್ತು, ಸುಡು. ಬಿರುಕು ಬಿಟ್ಟರೆ ಮತ್ತೆ ಅರೆ.
ಕಲ್ಲಿಗೆ ಕಲಿಸಬೇಕಾದ ಬುದ್ಧಿ ಇಷ್ಟೇ:
ಕರೆಂಟು ಬಂದರೆ ಅಗಳಿ ತೆಗೆ,
ಕಾವು ಬಂದರೆ ಕದ ಹಾಕು.
ಇಬ್ಬರೂ ಒಂದೇ ವೇಷದಲ್ಲಿ ಬರುತ್ತಾರೆ,
ಕೆಲವೊಮ್ಮೆ ಕೈ ಹಿಡಿದುಕೊಂಡೇ.

ಕೊನೆಗೆ ಕೈಗೆ ಹತ್ತಿದ್ದು ಹೊಂದದ ಪದರಗಳು.
ಒಂದರ ಹೆಜ್ಜೆ ಇನ್ನೊಂದಕ್ಕೆ ಕೂಡದು,
ಒಂದೇ ಖೋಲಿಯ ಇಬ್ಬರು ಬಾಡಿಗೆದಾರರ ಹಾಗೆ:
ಮಾತಿಲ್ಲ, ಬಿಟ್ಟು ಹೋಗುವುದೂ ಇಲ್ಲ.
ಆ ಮುನಿಸಿನ ಸಂದಿಯಲ್ಲೇ ಕಾವು ಎಡವುತ್ತದೆ,
ಕರೆಂಟು ಪದರ ಹಿಡಿದು ನುಸುಳುತ್ತದೆ.

"ಅಂದರೆ ನನ್ನ ಬೆಂಕಿ ಕದಿಯೋದು."
ಬೆಂಕಿಯಲ್ಲ ಚಾಚಾ, ಪಾವಿಗೆ ಬೇಡವಾಗಿ
ಗೋಡೆ ದಾಟಿ ಪೋಲಾಗುವುದನ್ನ ಮಾತ್ರ.
"ಪೋಲು ಅಂತ ಯಾರು ಹೇಳಿದ್ದು?"
ಅವನು ನಾಯಿಯ ಕಡೆ ನೋಡಿದ.

ನನ್ನ ಬಳಿ ಅದಕ್ಕೆ ಲೆಕ್ಕ ಇರಲಿಲ್ಲ.

ಮೃಣ್ಮಯಿ ಹೊರಬದಿಗೆ ಒದ್ದೆ ಗೋಣಿ ಒತ್ತಿದಳು.
ಬಿಸಿಯೊಂದೇ ಏನೂ ಮಾಡದು,
ಬಿಸಿಗೂ ತಂಪಿಗೂ ನಡುವಿನ ದೂರವೇ ದುಡಿಯುವುದು.
ಗೋಣಿ ಹಬೆಯಾಗತೊಡಗಿದಾಗ
ಚಾಚಾ ತನ್ನ ಕುಡಿಯುವ ನೀರಿನ ಮಡಕೆಯನ್ನೇ ತಂದು
ತಂಬಿಗೆ ತಂಬಿಗೆ ಸುರಿದ.

ಹೊತ್ತಿತು. ಕೆಂಪು.
ಬೀಡಿಯ ತುದಿಗಿಂತ ಸಣ್ಣದು.
"ಇದರಲ್ಲಿ ಹಿಟ್ಟು ಕಾಣುತ್ತಾ?"
ಕಾಣುವುದಿಲ್ಲ.
ಆದರೂ ದೀಪ ಆರಿಸಿ ಬಾ ಎಂದು ಹುಡುಗನಿಗೆ ಹೇಳಿ
ಕತ್ತಲಲ್ಲಿ ನಿಂತು ನೋಡಿದ,
ಹತ್ತೊಂಬತ್ತು ನಿಮಿಷ.

ಆಮೇಲೆ ಟಕ್ಕೆಂದಿತು.
ಹದಿನೇಳನೆಯ ಜೋಡಿ, ಬೆಸುಗೆಯ ಪಕ್ಕ ಕೂದಲಿನಂಥ ಬಿರುಕು.
ಬರೆದುಕೊಂಡೆ.
ಮಡಕೆ ಖಾಲಿ.
ಒದ್ದೆ ನೆಲ ಮೂಸಿ, ಮೂರು ಸುತ್ತು ತಿರುಗಿ,
ನಾಯಿ ಒಣಗಿದ ಕಡೆ ಮಲಗಿತು.